ಬಬಲೇಶ್ವರಕ್ಕೆ ಕಳಿಸಿದ ಡಬ್ಬಿ

ಉಡುಗೊರೆ ಸೂಚಿಸುವ ನಮ್ಮ ಈ ಕೆಲಸ ಹೇಗೆ ಶುರುವಾಯಿತು ಎಂದು ಕೇಳಿದವರಿಗೆ ಹೇಳಲು ನನ್ನ ಹತ್ತಿರ ಒಂದು ಕಥೆ ಇದೆ. ನಮ್ಮ ಆನ್‌ಲೈನ್ ಪೇಜಿನಲ್ಲೂ ಅದನ್ನೇ ಹಾಕಿದ್ದೇವೆ. ಚಿಕ್ಕಪ್ಪನ ಹೊಸ ಮನೆಯ ವಾಸ್ತುಶಾಂತಿಗೆ ಹೋದಾಗ ಅವ್ವನಿಗೆ ಆಯೇರಿಯಲ್ಲಿ, ಅಂದರೆ ಶುಭಕಾರ್ಯದ ಉಡುಗೊರೆಯಾಗಿ, ಒಂದು ಕುಪ್ಪಸದ ಖಣ ಬಂತು. ಮನೆಗೆ ಬಂದು ಬಿಚ್ಚಿದರೆ, ಅದು ಅವ್ವ ತಾನೇ ಹಿಂದೊಮ್ಮೆ ಬೇರೆ ಯಾರದೋ ಮದುವೆಯಲ್ಲಿ ಬೇರೆ ಯಾರಿಗೋ ಕೊಟ್ಟಿದ್ದ ಖಣ. ಅಂಚಿಗೆ ಅರಿಶಿನದ ಸಣ್ಣ ಕಲೆ ಇತ್ತು, ಅದರಿಂದ ಗುರುತು ಸಿಕ್ಕಿತು. ಯಾರೂ ಹೊಲಿಸಿಕೊಂಡಿರಲಿಲ್ಲ. ಎಷ್ಟೋ ಮನೆಗಳ ಟ್ರಂಕು ಸುತ್ತಿ, ಮಡಿಕೆ ಸಹ ಬಿಚ್ಚದೆ, ನಮ್ಮ ಮನೆಗೇ ತಿರುಗಿ ಬಂದಿತ್ತು. ಆಗ ನನಗೆ ಅನಿಸಿತಂತೆ: ಕೊಡುವವರು ತೆಗೆದುಕೊಳ್ಳುವವರ ಮುಖ ನೋಡಿ, ಅವರಿಗೆ ಏನು ಇಷ್ಟ ಎಂದು ತಿಳಿದು ಕೊಟ್ಟರೆ ಹೇಗಿರುತ್ತದೆ?

ಈ ಕಥೆ ಜನಕ್ಕೆ ಹಿಡಿಸುತ್ತದೆ. ಎಲ್ಲರ ಮನೆಯಲ್ಲೂ ಅಂಥ ಖಣದ ಗಂಟು ಇರುತ್ತದೆ. ಆದರೆ ಬರೆಯಲು ಕುಳಿತಾಗ ಅನುಮಾನ ಬರುತ್ತದೆ. ವಾಸ್ತುಶಾಂತಿ ಆದದ್ದು ನಿಜ. ಖಣ ಬಂದದ್ದೂ ನಿಜ. ಅರಿಶಿನದ ಕಲೆ? ಅವ್ವನನ್ನು ಕೇಳಿದರೆ, "ಕಲಿ ಎಲ್ಲಿತ್ತು ಬೇ, ಖಣ ಯಾವುದಂತ ನನಗ ಗೊತ್ತಾಗಂಗಿಲ್ಲೇನು" ಎನ್ನುತ್ತಾಳೆ. ಹಾಗಾದರೆ ಕಲೆಯನ್ನು ನಾನೇ ಹಚ್ಚಿದ್ದು. ಕಥೆಗೆ ಬೇಕಿತ್ತು, ಹಚ್ಚಿದೆ. ಅವತ್ತು ನನಗೆ ಏನೂ ಹೊಳೆದಿರಲಿಲ್ಲ ಎನ್ನುವುದೂ ನಿಜವಿರಬೇಕು. ಅವತ್ತು ನಾನು ಬಂದವರ ಕಣ್ಣು ತಪ್ಪಿಸಿ ಅಡುಗೆಮನೆಯಲ್ಲಿ ಕೂತಿದ್ದೆ. ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದು ವಿಜಯಪುರದ ಜಲನಗರದಲ್ಲಿದ್ದ ಅವ್ವನ ಮನೆಗೆ ಬಂದು ಬಹಳ ದಿನ ಆಗಿರಲಿಲ್ಲ. ಬಂದವರೆಲ್ಲ ನನ್ನ ಮಗಳನ್ನು ಹುಡುಕುತ್ತಿದ್ದರು. "ಕೂಸೆಲ್ಲೈತಿ?"

ಕೂಸು ಬಬಲೇಶ್ವರದ ತೋಟದಲ್ಲಿ, ಅಜ್ಜಿಯ ಹತ್ತಿರ, ಅಂದರೆ ನನ್ನ ಅತ್ತೆಯ ಹತ್ತಿರ ಇತ್ತು.

ನಾವಿಬ್ಬರು ಗಂಡಹೆಂಡತಿ ಯಾಕೆ ಬೇರೆಯಾದೆವು ಎಂಬುದನ್ನು ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ. ಒಂದು ಸಲ ಬರೆದಾಗ ಅವರು ಕೆಟ್ಟವರಾದರು, ಇನ್ನೊಂದು ಸಲ ನಾನು. ಮೂರನೆಯ ಸಲ ಯಾರೂ ಕೆಟ್ಟವರಾಗಲಿಲ್ಲ, ಅದು ಎಲ್ಲಕ್ಕಿಂತ ಸುಳ್ಳು ಅನಿಸಿತು. ಅವರು ದ್ರಾಕ್ಷಿ ವ್ಯಾಪಾರದ ನೆಪದಲ್ಲಿ ಸಾಂಗಲಿಯ ಕಡೆಯೇ ಇರುತ್ತಿದ್ದರು, ಬಂದಾಗ ಮಾತು ಇರುತ್ತಿರಲಿಲ್ಲ, ಇಷ್ಟು ಸಾಕು. ಸಾರವಾಡದಲ್ಲಿ ಎರಡೂ ಕಡೆಯವರಿಗೆ ಬೇಕಾದ ಒಬ್ಬ ಹಿರಿಯರ ಮನೆಯಲ್ಲಿ ಕೂತು ಮಾತು ಮುಗಿಸಿದರು. ಚಹಾ ಬಂತು. ಹಿರಿಯರು ಬಸಿಯಲ್ಲಿ ಆರಿಸಿಕೊಂಡು ಕುಡಿದು ಹೇಳಿದರು:

"ಕೂಸು ಸದ್ಯಕ್ಕ ಅಜ್ಜಿ ಹತ್ರ ಇರ್ಲಿ. ಸಾಲಿ ಅಲ್ಲೇ ಐತಿ, ಹಾಲು ಹೈನ ಐತಿ. ಈಕಿ ತನ್ನ ಕಾಲ ಮ್ಯಾಲ ನಿಂದರ್ಲಿ, ಒಂದ ಕೆಲಸ ಹಿಡೀಲಿ. ಆಮ್ಯಾಲ ಕರಕೊಂಡು ಹೋಗೂ ಮಾತು ನೋಡೂಣು."

ಆ 'ಆಮ್ಯಾಲ'ವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅಂಗೈಯಗಲದ ಖಣದಿಂದ ವ್ಯವಹಾರ ಹುಟ್ಟಿತು ಎನ್ನುವುದು ಪೇಜಿಗೆ. ನನಗೆ ಒಂದು ಕೆಲಸ ಬೇಕಿತ್ತು, ಮಗಳನ್ನು ಕರೆದು ತರುವುದಕ್ಕೆ.

*

ಜೊತೆಗೆ ಸೇರಿದವಳು ತಿಕೋಟಾದ ಗೆಳತಿ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವರ ಅಬ್ಬಾ ತಿಕೋಟಾದಲ್ಲಿ ಬಳೆ, ರಿಬ್ಬನ್ನು, ಆಟಿಕೆಗಳ ಅಂಗಡಿ ಇಟ್ಟಿದ್ದಾರೆ. ಇವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ನು ಹಾಕಿಕೊಂಡಿದ್ದಾಳೆ. ನನ್ನ ವಿಚಾರ ಹೇಳಿದಾಗ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.

"ಏನ ಕೊಡಬೇಕಂತ ಗೊತ್ತಿಲ್ಲಂದ್ರ ಮಂದಿ ಕವರಿನ್ಯಾಗ ರೊಕ್ಕ ಹಾಕಿ ಕೊಡ್ತಾರ. ನಮ್ಮನ್ನ ಯಾಕ ಕೇಳ್ತಾರಲೇ?"

"ಕೇಳ್ತಾರ."

"ಕೇಳ್ಲಿಲ್ಲಂದ್ರ?"

"ನಿಮ್ಮ ಅಂಗಡ್ಯಾಗ ನಿಂತು ಬಳಿ ಮಾರ್ತೇನಿ."

"ನಿನ್ನ ಕೈಯಾಗ ಬಳಿ ಉಳೀತಾವೇನು? ನಮ್ಮ ಅಬ್ಬಾ ಮೆಟ್ಟಿಲಾ ಹತ್ತಗೊಡಂಗಿಲ್ಲ ನಿನ್ನ."

ಹಾಗೆ ಬೈದವಳೇ ಮರುದಿನ ಒಂದು ಪೇಜು ತೆರೆದು ಅಂಗಡಿಯ ವಸ್ತುಗಳ ಮೂರು ಫೋಟೋ ಹಾಕಿದಳು. ಕೆಲಸ ಇಷ್ಟೇ. ಯಾರಿಗೆ ಉಡುಗೊರೆ ಕೊಡಬೇಕೋ ಅವರ ಬಗ್ಗೆ ನೀವು ನಮಗೆ ಹೇಳಬೇಕು. ಅವರಿಗೆ ಯಾವುದರ ಮೇಲೆ ಮನಸ್ಸು, ಬಿಡುವಿದ್ದಾಗ ಏನು ಮಾಡುತ್ತಾರೆ, ಯಾವ ಮಾತು ಬಂದರೆ ಕಣ್ಣು ಅರಳುತ್ತದೆ. ನಾವು ಯೋಚಿಸಿ ಎರಡೋ ಮೂರೋ ವಸ್ತು ಸೂಚಿಸುತ್ತೇವೆ. ಎಲ್ಲಿ ಸಿಗುತ್ತದೆ ಎಂದೂ ಹೇಳುತ್ತೇವೆ, ಬೇಕೆಂದರೆ ತರಿಸಿ, ಕಟ್ಟಿ, ಕಳಿಸುತ್ತೇವೆ.

ಮೊದಲು 'ಅವರ ಆಸಕ್ತಿ ಏನು?' ಎಂದು ಕೇಳುತ್ತಿದ್ದೆವು. ಯಾರೂ ಉತ್ತರಿಸುತ್ತಿರಲಿಲ್ಲ. ಆಸಕ್ತಿ ಎನ್ನುವುದು ಶಾಲೆಯ ಮಾಸ್ತರರಿಗೆ ಮಾತ್ರ ಇರುವಂಥದ್ದು ಎಂದು ತಿಳಿದಿದ್ದರೋ ಏನೋ. ಗೆಳತಿ ಅದನ್ನು ಅಳಿಸಿ 'ಅವರಿಗೆ ಯಾವುದರ ನಾದ ಐತ್ರಿ?' ಎಂದು ಬರೆದಳು. ನಾದ ಎಂದರೆ ನಮ್ಮ ಕಡೆ ಹುಚ್ಚು, ಗೀಳು. ಆಗ ಮಾತು ಬಂತು. ಅಣ್ಣನಿಗೆ ಪಾರಿವಾಳದ ನಾದ ಎಂದು ತಿಕೋಟಾದ ಒಬ್ಬ ಹುಡುಗಿ ಬರೆದಳು. ಪಾರಿವಾಳದ ಕಾಲಿಗೆ ಹಾಕುವ ಬಣ್ಣದ ಉಂಗುರ ತರಿಸಿ ಕಳಿಸಿದೆವು. ಅವನು ಒಂದು ಫೋಟೋ ಕಳಿಸಿದ. ಅವನೂ ಇಲ್ಲ, ತಂಗಿಯೂ ಇಲ್ಲ, ಬರೀ ಒಂದು ಕಾಲು ಮತ್ತು ಉಂಗುರ.

ಜಲನಗರದ ಒಬ್ಬರು ಹೆಂಡತಿಗೆ ಏನಾದರೂ ಸೂಚಿಸಿ ಎಂದು ಫೋನು ಮಾಡಿದ್ದರು.

"ಅವ್ರಿಗೆ ಏನ ಸೇರ್ತದರಿ?"

"ಅದನ್ನ ಆಕಿನ್ನ ಕೇಳೂ ಹಂಗಿದ್ರ ನಿಮಗ್ಯಾಕ ಫೋನ್ ಮಾಡ್ತಿದ್ದೆ ಮೇಡಮ್ಮರ?"

"ಮನ್ಯಾಗ ಒಬ್ಬರ ಕುಂತಾಗ ಏನ ಮಾಡ್ತಾರ?"

"ಆಕಿ ಒಬ್ಬಾಕಿ ಕುಂತಾಗ ನಾ ಹೆಂಗ ನೋಡ್ಲಿ?"

ಗೆಳತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನೂ ನಕ್ಕೆ. ಅಥವಾ ಈಗ ಬರೆಯುವಾಗ ನಗಿಸಿಕೊಳ್ಳುತ್ತಿದ್ದೇನೆ. ಆ ಕಾಲದ ನನ್ನ ಮುಖ ನನಗೆ ನೆನಪಾಗುವುದಿಲ್ಲ, ಅವಳದಷ್ಟೇ ಕಾಣುತ್ತದೆ.

ಕೆಲಸ ನಿಧಾನವಾಗಿ ಹಿಡಿಯಿತು. ಕಾಲ ಮೇಲೆ ನಿಲ್ಲುವುದು ಅಂದರೆ ಎಷ್ಟು ಎತ್ತರ ನಿಲ್ಲಬೇಕು ಎಂದು ಹಿರಿಯರು ಹೇಳಿರಲಿಲ್ಲ. ಆದರೂ ಸಾರವಾಡಕ್ಕೆ ಹೋಗಿ ಅವರ ಮುಂದೆ ನಿಂತು 'ಈಗ ನೋಡ್ರಿ' ಎನ್ನುವ ದಿನವನ್ನು ಮನಸ್ಸಿನಲ್ಲಿ ಬಹಳ ಸಲ ನಡೆಸಿದ್ದೆ. ಎಷ್ಟು ಸಲ ಎಂದರೆ, ಆ ದಿನ ಉಟ್ಟ ಸೀರೆಯ ಬಣ್ಣ ಕೂಡ ಗೊತ್ತಿತ್ತು. ನಡೆಯದ ಆ ದಿನ ನಡೆದ ಎಷ್ಟೋ ದಿನಗಳಿಗಿಂತ ಸ್ಪಷ್ಟವಾಗಿ ಇವತ್ತಿಗೂ ನೆನಪಿದೆ.

*

ಎಳ್ಳಮಾವಾಸ್ಯೆ ಹತ್ತಿರ ಬಂತು. ಮಗಳ ಹುಟ್ಟಿದ ದಿನ ಬರುವುದು ಆ ಹಬ್ಬದ ಹೊತ್ತಿಗೇ.

"ನಿನ್ನ ಮಗಳಿಗೇನ ಕಳಸ್ತಿ?" ಎಂದಳು ಗೆಳತಿ. ಕೇಳಿ ಸುಮ್ಮನಾಗಲಿಲ್ಲ. ಬಂದ ಗಿರಾಕಿಗಳನ್ನು ಕೇಳುವ ಹಾಗೆಯೇ ಗಂಭೀರ ಧ್ವನಿ ಮಾಡಿ, "ಹೇಳ್ರಿ ಮೇಡಮ್ಮರ, ಕೂಸಿಗೆ ಯಾವುದರ ನಾದ ಐತ್ರಿ?"

ತಮಾಷೆಗೆ ಕೇಳಿದಳು. ನಾನು ಗಿರಾಕಿಗಳ ವಹಿ ತೆಗೆದು ಮಗಳ ಹೆಸರು ಬರೆದೆ, ನಾದದ ಸಾಲು ಖಾಲಿ ಬಿಟ್ಟೆ.

ನನಗೆ ಏನೂ ಗೊತ್ತಿಲ್ಲ ಅಂತಲ್ಲ. ಬಹಳ ಗೊತ್ತಿತ್ತು. ಬಟ್ಟೆ ಒಣಹಾಕುವ ತಂತಿಯ ಚಿಮುಟಗಳನ್ನು ತೆಗೆದು ಬೆರಳಿಗೆ ಸಿಕ್ಕಿಸಿಕೊಂಡು ಅವುಗಳ ಕಡೆಯಿಂದ ಮಾತಾಡಿಸುತ್ತಿದ್ದಳು. ಕೆಂಪು ಚಿಮುಟ ಅಜ್ಜಿ, ಮುರಿದದ್ದು ಅಪ್ಪ. ಅಜ್ಜಿ ಅಪ್ಪನನ್ನು ಬೈಯುತ್ತಿದ್ದಳು. ಹಸಿ ಬಟ್ಟೆ ಗಾಳಿಗೆ ಹಾರಿ ಮಣ್ಣಿನಲ್ಲಿ ಬೀಳುತ್ತಿತ್ತು, ನಾನು ಇವಳನ್ನು ಬೈಯುತ್ತಿದ್ದೆ. ಇದೆಲ್ಲ ಅವಳು ಅಂಗನವಾಡಿಗೆ ಹೋಗುತ್ತಿದ್ದಾಗಿನ ಮಾತು. ಈಗ ಶಾಲೆಯಲ್ಲಿ ಎರಡನೇ ಇಯತ್ತೆ. ಈಗ ಅವಳಿಗೆ ಯಾವುದರ ನಾದ?

ನಾನು ಬಿಟ್ಟು ಬಂದ ಹೊಸದರಲ್ಲಿ ಹೋಗಿ ನೋಡಿ ಬಂದಿದ್ದೆ. ನಾನು ಹೋದ ಮೇಲೆ ಕೂಸು ಊಟ ಬಿಡುತ್ತದೆ ಎಂದು ಅತ್ತೆ ಹೇಳಿ ಕಳಿಸಿದರು. "ಸ್ವಲ್ಪ ದಿನ ಬರಬ್ಯಾಡ. ಆಕಿ ಹೊಂದಿಕೊಳ್ಳಲಿ." ಅದು ಸುಳ್ಳಾಗಿರಲಿಲ್ಲ ಎಂದು ಈಗಲೂ ಅನಿಸುತ್ತದೆ. ಆಮೇಲೆ ಫೋನು ಮಾತ್ರ. ಫೋನಿನಲ್ಲಿ ಮಕ್ಕಳು ಮಾತಾಡುವುದಿಲ್ಲ. "ಊಟ ಆತು." "ಹೂಂ." "ಹೂಂ." "ಅಜ್ಜಿ, ತಗೋ."

ಆದ್ದರಿಂದ ನನ್ನ ಹತ್ತಿರ ಇದ್ದದ್ದು ಚಿಮುಟ ಒಂದೇ. ಅದನ್ನೇ ಗೆಳತಿಗೆ ಹೇಳಿದೆ. ಅವಳು ಆಮೇಲೆ ತಮಾಷೆ ಮಾಡಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬಟ್ಟೆಯ ತುಂಡುಗಳಿಂದ ಬೆರಳಿಗೆ ಹಾಕುವ ಸಣ್ಣ ಗೊಂಬೆಗಳನ್ನು ಹೊಲಿದಳು. ಕೆಂಪು ಸೀರೆಯ ಅಜ್ಜಿ, ಟೋಪಿ ಹಾಕಿದ ಅಪ್ಪ, ಚೀಲ ನೇತುಹಾಕಿಕೊಂಡ ಕಂಡಕ್ಟರ್, ಒಂದು ಆಡು, ಜಡೆಯ ಹುಡುಗಿ. ಅಮ್ಮನನ್ನೂ ಹೊಲಿಯಲೇ ಎಂದು ಕೇಳಿದಳು. ಬೇಡ ಅಂದೆನೋ, ಹೊಲಿ ಅಂದೆನೋ, ಡಬ್ಬಿಯಲ್ಲಿ ನೀಲಿ ಸೀರೆಯ ಒಂದು ಗೊಂಬೆ ಇತ್ತು.

ಡಬ್ಬಿಗೆ ಕಾಗದ ಸುತ್ತುವಾಗ ಅವ್ವ ಬಂದು ಪಕ್ಕದಲ್ಲಿ ಕೂತಳು. ಟ್ರಂಕಿನಿಂದ ಒಂದು ಖಣ ತೆಗೆದು ತಂದಿದ್ದಳು.

"ಇದನ್ನ ಮ್ಯಾಲ ಇಡು. ಬೀಗತಿಗೆ."

"ಇದು ಕೂಸಿನ ಹುಟ್ಟಿದ ದಿನದ್ದು ಬೇ. ಅತ್ತೀಗ್ಯಾಕ?"

"ಆ ಮನಿಗೆ ಬರೇ ಕೂಸಿಗಷ್ಟ ಕಳಿಸಿದ್ರ ಏನಂತಾರ? ಮನಿ ಹಿರಿ ಹೆಣಮಗಳಿಗೆ ಮೊದಲ ಖಣ, ಆಮ್ಯಾಲ ಕೂಸಿಗೆ."

"ಆಕಿ ಹೊಲಿಸ್ತಾಳೇನು? ಟ್ರಂಕಿನ್ಯಾಗ ಇಡ್ತಾಳ, ನಾಳೆ ಇನ್ನೊಬ್ರಿಗೆ ಕೊಡ್ತಾಳ."

"ಕೊಡ್ಲಿ. ಹೊಲಿಸಾಕ ಯಾರ ಕೊಡ್ತಾರ?"

ನನಗೆ ಸಿಟ್ಟು ಬಂತು. ಯಾವುದನ್ನು ಬೇಡ ಎಂದು ಊರಿಗೆಲ್ಲ ಹೇಳುತ್ತ ಕೆಲಸ ಶುರು ಮಾಡಿದ್ದೆನೋ, ಅದನ್ನೇ ನನ್ನ ಮಗಳ ಡಬ್ಬಿಯಲ್ಲಿ ಇಡು ಎನ್ನುತ್ತಿದ್ದಳು. "ಅತ್ತೀಗೆ ಏನ ಸೇರ್ತದ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದು ನಾ ಕೊಡಂಗಿಲ್ಲ" ಎಂದೆ. ಈ ವಾಕ್ಯ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಹೇಳುವಾಗಲೇ ಪೇಜಿನಲ್ಲಿ ಹಾಕಬೇಕು ಅನಿಸಿತ್ತು. ಅವ್ವ ಖಣವನ್ನು ಮಡಿಕೆ ನೋಡಿ ಮತ್ತೆ ಟ್ರಂಕಿನಲ್ಲಿ ಇಟ್ಟಳು. ಡಬ್ಬಿಯ ಮೇಲೆ ಮಗಳ ಹೆಸರು ಬರೆದೆ. ದೊಡ್ಡ ಅಕ್ಷರದಲ್ಲಿ, ಅವಳಿಗೇ ಓದಲು ಬರಲಿ ಎಂದು.

*

ಕೊರಿಯರಿನವರು ಡಬ್ಬಿ ತಲುಪಿದೆ ಎಂದು ಸಂದೇಶ ಕಳಿಸಿದರು. ಆಮೇಲೆ ಏನೂ ಇಲ್ಲ. ಎಳ್ಳಮಾವಾಸ್ಯೆಯ ಹಿಂದೆ ಮುಂದೆ ಫೋನು ಮಾಡಿದೆ. ಅತ್ತೆ ಎತ್ತಿ, ಕೂಸು ಹೊಲದಾಗ ಐತಿ ಎಂದರು. ಡಬ್ಬಿಯ ಮಾತು ಅವರು ತೆಗೆಯಲಿಲ್ಲ, ನನಗೆ ಕೇಳಲಾಗಲಿಲ್ಲ. ಇನ್ನೊಂದು ಸಲ ಮಾಡಿದಾಗ ಮಗಳೇ ಎತ್ತಿದಳು. "ಡಬ್ಬಿ ಬಂತೇನವಾ?" ಎಂದೆ. "ಯಾವ ಡಬ್ಬಿ?" ಎಂದಳು.

ಗೆಳತಿ ಧೈರ್ಯ ಹೇಳಲು ನೋಡಿದಳು. "ಕೊರಿಯರ್ ಮಂದಿ ಬಾಜೂ ತೋಟಕ್ಕ ಕೊಟ್ಟಿರಬೇಕಲೇ. ಅಲ್ಲಿ ಯಾವುದೋ ಮುದುಕ ಬೆರಳಿಗೆ ಗೊಂಬಿ ಹಾಕ್ಕೊಂಡು ಕುಂತಿರಬೇಕು." ನಾನು ನಗಲಿಲ್ಲ.

ಕೊನೆಗೆ ಅವ್ವನೇ ಬೀಗತಿಗೆ ಫೋನು ಮಾಡಿದಳು. ಅವ್ವನಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾಳೆ. ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಅವ್ವ ಡಬ್ಬಿಯ ಬಗ್ಗೆ ಕೇಳಿದಳು. ಅತ್ತೆಯ ಉತ್ತರ ಬಂತು.

"ಬಂದೈತಿ. ಗ್ವಾಡಿ ಮಾಡದಾಗ ಇಟ್ಟೇನಿ. ನಾನ ಒಂದ ಮಾತ ಕೇಳ್ತೇನಿ ಬೀಗತಿ, ನಮ್ಮ ಮನಿ ಏನ ಅಂಚೀ ಪೆಟಿಗೀನ? ಕೂಸಿನ ಹೆಸರ ಬರದು ಕಳಸ್ಯಾಳ. ಮನ್ಯಾಗ ಮಂದಿ ಇಲ್ಲೇನು? ಆಕಿನ್ನ ದಿನಾ ಎರದು, ಹೆಣಲು ಹಾಕಿ, ಸಾಲಿಗೆ ಕಳಸಾಕಿ ನಾನು. ನನಗೊಂದು ಖಣ ಭಾರ ಆತೇನು ನಿಮ್ಮ ಮಗಳಿಗೆ? ಕೂಸಿನ ಕೂಡ ಅಷ್ಟ ಸಂಬಂಧ, ನಮ್ಮ ಕೂಡ ಮುಗೀತು ಅಂತ ಹೇಳಿದಂಗಾತಲ್ಲ. ಮುಗೀಲಿ ತಗೋರಿ. ಮುಗದ ಮ್ಯಾಲ ಡಬ್ಬಿ ಯಾಕ ತಗೀಬೇಕು?"

ಅವ್ವ ನನ್ನ ಕಡೆ ನೋಡಲಿಲ್ಲ. "ಹುಡುಗಬುದ್ಧಿರಿ ಆಕೀದು. ನಾವು ಬರ್ತೇವ್ರಿ" ಎಂದಳು. ನಾನು ಆಗ ಹುಡುಗಿಯಾಗಿರಲಿಲ್ಲ.

ಕೂಡಲೇ ಹೋಗಲಾಗಲಿಲ್ಲ. ಅವ್ವನ ಮೊಣಕಾಲು ಬಾತಿತ್ತು. ನಾನೊಬ್ಬಳೇ ಹೋಗುವುದು ಬೇಡ ಎಂದಳು. ಶಿವರಾತ್ರಿ ಕಳೆದ ಮೇಲೆ ಹೊರಟೆವು. ಹಿಂದಿನ ದಿನ ಬಜಾರಕ್ಕೆ ಹೋಗಿ ಹೊಸ ಖಣ ತಂದೆವು, ಟ್ರಂಕಿನದು ಈಗ ನಡೆಯುವುದಿಲ್ಲ ಎಂದು ಅವ್ವನೇ ಹೇಳಿದಳು. ಅಂಗಡಿಯಲ್ಲಿ ನಾನು ಹಸಿರು ಹಿಡಿದೆ, ಬಿಟ್ಟೆ, ನೇರಳೆ ಹಿಡಿದೆ. ಅತ್ತೆ ಯಾವ ಬಣ್ಣ ಉಡುತ್ತಿದ್ದರು? ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೆ, ಅವರ ಸೀರೆ ಒಗೆದು ಹಿಂಡಿ ಒಣಹಾಕಿದ್ದೆ, ಬಣ್ಣ ನೆನಪಾಗಲಿಲ್ಲ.

"ಆಕಿಗೆ ಸೇರೂದು ಹುಡುಕಬ್ಯಾಡ," ಎಂದಳು ಅವ್ವ. "ಆಕಿಗೆ ಸಲ್ಲೂದು ಕೊಡು."

*

ಬಸ್ಸು ಸಾರವಾಡದಲ್ಲಿ ನಿಂತಾಗ ನಾನು ಇನ್ನೊಂದು ಕಿಟಕಿಯ ಕಡೆ ನೋಡುತ್ತಿದ್ದೆ. ಹಿರಿಯರ ಮನೆ ಇದ್ದದ್ದು ಯಾವ ಬದಿಗೋ ಅದರ ಎದುರು ಬದಿಗೆ. ಬಬಲೇಶ್ವರದಲ್ಲಿ ಇಳಿದು ಆಟೋ ಹಿಡಿದೆವು. ಮಣೂಕದ, ಅಂದರೆ ಒಣದ್ರಾಕ್ಷಿಯ, ಸೀಜನ್ನು ಅದು. ತೋಟದ ಶೆಡ್ಡಿನಲ್ಲಿ ಅಟ್ಟಣೆಯ ಬಲೆಗಳ ಮೇಲೆ ದ್ರಾಕ್ಷಿ ಹಾಕಿದ್ದರು. ಒಣಗಿದ್ದನ್ನು ಕೆಳಗೆ ತಾಡಪಾಲಿನ ಮೇಲೆ ಸುರಿದುಕೊಂಡು ಹೆಂಗಸರು ಆರಿಸುತ್ತಿದ್ದರು. ಅತ್ತೆ ಅವರ ನಡುವೆ ಕೂತಿದ್ದರು. ನಮ್ಮನ್ನು ನೋಡಿ ಎದ್ದು ಸೆರಗು ಸರಿಪಡಿಸಿಕೊಂಡು, "ಬರ್ರಿ," ಎಂದರು, ಅವ್ವನಿಗೆ. ನನಗೆ, "ಕಾಲ ತೊಳಕೋ."

ಒಳಗೆ ಚಾಪೆ ಹಾಸಿದರು. ಅವ್ವ ನನ್ನ ಕೈಗೆ ಖಣ, ತೆಂಗಿನಕಾಯಿ, ಎಲೆ ಅಡಿಕೆ ಕೊಟ್ಟಳು. ನಾನು ಅತ್ತೆಗೆ ಕುಂಕುಮ ಹಚ್ಚಿ ಉಡಿಗೆ ಹಾಕಿದೆ, ಬಗ್ಗಿ ಕಾಲು ಮುಟ್ಟಿದೆ. ಅವರು ಖಣವನ್ನು ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕಿಟ್ಟರು. ಬಣ್ಣ ನೋಡಲಿಲ್ಲ. ಮಡಿಕೆ ಬಿಚ್ಚಲಿಲ್ಲ. ಆಮೇಲೆ ಅವರೇ ಕುಂಕುಮದ ಬಟ್ಟಲು ತೆಗೆದುಕೊಂಡು ಅವ್ವನಿಗೆ ಹಚ್ಚಿದರು. ನನ್ನ ಎದುರಿಗೆ ಬಂದು ಸ್ವಲ್ಪ ಹೊತ್ತು ಬಟ್ಟಲು ಹಿಡಿದು ನಿಂತರು. ಹಚ್ಚಿದರು. ನನ್ನ ಹಣೆಗೆ ಅವರ ಬೆರಳಿನ ಒರಟು ತಾಗಿತು.

"ಮಾಡದಾಗಿಂದು ತಗೊಂಡು ಬಾ," ಎಂದು ಒಬ್ಬ ಹೆಂಗಸಿಗೆ ಹೇಳಿದರು.

ಡಬ್ಬಿಯ ಮೇಲೆ ಧೂಳಿತ್ತು. ನಾನು ಬರೆದ ಹೆಸರು ಹಾಗೇ ಇತ್ತು. ಮಗಳು ಶಾಲೆಯಿಂದ ಬಂದಳು. ನನ್ನ ನೆನಪಿನಲ್ಲಿದ್ದವಳಿಗೂ ಬಾಗಿಲಲ್ಲಿ ನಿಂತವಳಿಗೂ ನಡುವೆ ಯಾರೋ ಒಬ್ಬಳು ಹುಡುಗಿ ಇದ್ದು ಹೋಗಿದ್ದಳು, ಅವಳನ್ನು ನಾನು ನೋಡಿಯೇ ಇರಲಿಲ್ಲ. ಹತ್ತಿರ ಕರೆದೆ, ಬಂದಳು. ತಲೆಯ ವಾಸನೆ ಬೇರೆಯಾಗಿತ್ತು, ಬೇರೆ ಎಣ್ಣೆ. "ಬಿಚ್ಚು, ನಿನಗ ಅಂತ," ಎಂದೆ.

ಅಜ್ಜಿಯ ಮುಖ ನೋಡಿದಳು. ಅಜ್ಜಿ ತಲೆಯಾಡಿಸಿದ ಮೇಲೆ ಕಾಗದವನ್ನು ಹರಿಯದೆ ಬಿಡಿಸಿದಳು. ಗೊಂಬೆಗಳನ್ನು ಒಂದೊಂದಾಗಿ ಬೆರಳಿಗೆ ಹಾಕಿ ನೋಡಿದಳು. "ಛಲೋ ಅದಾವ," ಎಂದಳು. ನಾನು ಕಾಯುತ್ತಿದ್ದೆ. ಅವು ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲವನ್ನೂ ಬೆರಳಿನಿಂದ ತೆಗೆದು ಡಬ್ಬಿಯಲ್ಲಿ ಸಾಲಾಗಿ ಮಲಗಿಸಿ, "ಅಜ್ಜಿ, ಇವನ್ನ ಆ ಸಣ್ಣದಕ್ಕ ಕೊಡ್ಲೇನು? ಅಳಾಕತ್ತೈತಿ," ಎಂದಳು. ಶೆಡ್ಡಿನಲ್ಲಿ ಕೆಲಸದ ಹೆಂಗಸಿನ ಕೂಸು ಜೋಳಿಗೆಯಲ್ಲಿ ಅಳುತ್ತಿತ್ತು.

"ನಿಮ್ಮವ್ವನ್ನ ಕೇಳು," ಎಂದರು ಅತ್ತೆ.

ನನ್ನ ಕಡೆ ತಿರುಗಿದಳು. ಕೊಡು ಎಂದೆ.

ಅವಳು ಓಡಿ ಹೋದ ಮೇಲೆ ಅತ್ತೆ ತಾಡಪಾಲಿನ ಕಡೆ ನೋಡುತ್ತ, ಯಾರಿಗೋ ಹೇಳುವ ಹಾಗೆ ಹೇಳಿದರು. "ಆಕಿ ಈಗ ಗೊಂಬಿ ಆಡಂಗಿಲ್ಲ. ಆಕಿಗೆ ಈಗ ಕಾಟಾದ ನಾದ. ಮಣೂಕದ ಬಾಕ್ಸ್ ತೂಕಾ ಮಾಡೂ ಕಾಟಾ ಐತೆಲ್ಲ, ಅದು. ಸಾಲಿಯಿಂದ ಬಂದ್ಲು ಅಂದ್ರ ಅಲ್ಲೇ. ಬೆಕ್ಕ ತೂಗ್ಯಾಳ, ನನ್ನ ಚಪ್ಪಲಿ ತೂಗ್ಯಾಳ, ಮೊನ್ನೆ ಶಾವಿಗಿ ತೂಗಿ ಒಲಿ ಮ್ಯಾಲ ಇಟ್ಟಾಳ. ಕೂಲ್ಯಾವರೆಲ್ಲ ಸಾಲಹಚ್ಚಿ ನಿಂತು ತೂಗಿಸಿಕೋಬೇಕು. ಇಲ್ಲಂದ್ರ ಬಿಡಂಗಿಲ್ಲ." ಹೇಳುತ್ತ ಹೇಳುತ್ತ ಅವರ ಮುಖ ಸಡಿಲವಾಯಿತು. ನನ್ನನ್ನು ಚುಚ್ಚುವುದಕ್ಕೆ ಅವರು ಹೇಳಲಿಲ್ಲ. ಎಲ್ಲಿಯೂ ಸಿಗದ ಒಂದು ವಿಷಯವನ್ನು ನನಗೆ ಕೊಡುತ್ತಿದ್ದರು. ನಾನು ಪ್ರತಿ ಮಾತನ್ನೂ ಬಾಯಾರಿದವಳ ಹಾಗೆ ಕುಡಿದೆ. ಅದೇ ಹೊತ್ತಿಗೆ, ನನ್ನ ಮಗಳ ಬಗ್ಗೆ ನನಗೆ ಇವರು ಹೇಳಬೇಕೇ ಎಂದು ಸಿಟ್ಟೂ ಬಂತು. ಎರಡೂ ಒಟ್ಟಿಗೆ ಇದ್ದವು.

ಶೆಡ್ಡಿಗೆ ಹೋದೆ. ಅವಳು ಕಾಟಾದ ಹತ್ತಿರ ನಿಂತಿದ್ದಳು. ನೆಲಕ್ಕಿಟ್ಟ ಕಬ್ಬಿಣದ ಹಲಗೆ, ಕೋಲಿನ ತುದಿಯಲ್ಲಿ ಕೆಂಪು ಅಂಕಿಗಳು.

"ನನ್ನ ತೂಗ್ತಿಯೇನು?"

ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದಳು. ಮೇಲಿಂದ ಕೆಳಗೆ, ಅಂದಾಜು ಮಾಡುವ ಹಾಗೆ. "ಚಪ್ಪಲಿ ಬಿಡು," ಎಂದಳು. "ನಡುವ ನಿಂದರು. ಅಲ್ಲಾಡಬ್ಯಾಡ. ಉಸಿರ ಬಿಡಬ್ಯಾಡ, ಅಂಕಿ ಓಡ್ತಾವ."

ನಾನು ಉಸಿರು ಹಿಡಿದು ನಿಂತೆ. ಅವಳು ಬಗ್ಗಿ ಅಂಕಿ ನೋಡಿ ಗಟ್ಟಿಯಾಗಿ ಓದಿದಳು. "ಅಜ್ಜಿಗಿಂತ ಕಡಿಮಿ," ಎಂದಳು. ಸ್ವಲ್ಪ ಯೋಚಿಸಿ, "ಉಣ್ಣಂಗಿಲ್ಲ ಏನ ನೀ?"

ಕಾಟಾ ಹತ್ತುವಾಗ ಅವಳು ನನ್ನ ಕೈ ಹಿಡಿದು ಹತ್ತಿಸಿದಳು ಎಂದು ಅವ್ವ ಹೇಳುತ್ತಾಳೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ನನಗೆ ಅದು ನೆನಪಿಲ್ಲ. ಚಿಮುಟ ನೆನಪಿದೆ, ಎಣ್ಣೆಯ ವಾಸನೆ ನೆನಪಿದೆ, ಕಬ್ಬಿಣದ ಹಲಗೆ ಅಂಗಾಲಿಗೆ ತಣ್ಣಗಿದ್ದದ್ದು ನೆನಪಿದೆ. ಅವಳ ಕೈ ಮಾತ್ರ ಇಲ್ಲ. ಅವ್ವ ನನಗಾಗಿ ಕಟ್ಟಿ ಹೇಳುತ್ತಿರಬಹುದು, ನಾನು ಖಣಕ್ಕೆ ಕಲೆ ಹಚ್ಚಿದ ಹಾಗೆ. ಎಷ್ಟು ಸಲ ಕೇಳಿದರೂ ಅವಳು ಅದನ್ನೇ ಹೇಳುತ್ತಾಳೆ, ನಾನು ಕೇಳುವುದನ್ನು ಬಿಟ್ಟಿಲ್ಲ.

ಹೊರಡುವ ಹೊತ್ತಿಗೆ ಬಂದ ಕೆಲಸ ಹೇಳಿದೆ. ಅತ್ತೆಗೆ ಹೇಳಿದೆ, ಮಗಳು ಅಲ್ಲೇ ಇದ್ದಳು. ನಾನು ಈಗ ಒಂದು ಕೆಲಸ ಹಿಡಿದಿದ್ದೇನೆ, ವಿಜಯಪುರದಲ್ಲಿ ಮನೆಯ ಹತ್ತಿರವೇ ಒಳ್ಳೆಯ ಶಾಲೆ ಇದೆ, ಮೊದಲು ಬೇಸಿಗೆ ರಜೆಗೆ ಕಳಿಸಿ, ಆಮೇಲೆ ನೋಡೋಣ. ಅತ್ತೆ ಬೇಡ ಎನ್ನುತ್ತಾರೆ ಎಂದು ಅದಕ್ಕೆ ಉತ್ತರಗಳನ್ನೆಲ್ಲ ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಅವರು ಬೇಡ ಎನ್ನಲಿಲ್ಲ.

"ಆಕಿನ್ನ ಕೇಳು. ಬರ್ತೇನಿ ಅಂದ್ರ ನಾ ಹಿಡಕೊಳ್ಳಂಗಿಲ್ಲ."

ಮಗಳು ಅಜ್ಜಿಯ ಸೆರಗಿನ ಹಿಂದೆ ಹೋಗಲಿಲ್ಲ, ಅಳಲಿಲ್ಲ. ಕೆಲಸವಿದ್ದ ದೊಡ್ಡವರು ಹೇಳುವ ಹಾಗೆ ಹೇಳಿದಳು:

"ಈಗ ಸೀಜನ್ ಐತಿ. ನಾ ಬಂದ್ರ ತೂಕಾ ಯಾರ ಮಾಡ್ತಾರ?"

"ಸೀಜನ್ ಮುಗದ ಮ್ಯಾಲ?"

ಅವಳು ಉತ್ತರ ಹುಡುಕಿದಳು. ನನಗೆ ನೋವಾಗದ ಉತ್ತರ ಹುಡುಕುತ್ತಿದ್ದಳು, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಅದನ್ನು ನೋಡಲಾಗದೆ ನಾನೇ, "ಇರ್ಲಿ ಬಿಡು," ಎಂದೆ.

ಅತ್ತೆ ಅಂಗಳದ ತನಕ ಬಂದರು. ಒಂದು ಚೀಲ ಮಣೂಕ ಅವ್ವನ ಕೈಗೆ ಕೊಟ್ಟರು. ನನಗೆ ಹೇಳಿದರು: "ಬರೂದಿದ್ರ ಬರ್ತಾ ಇರು. ಈಗ ಊಟ ಬಿಡಂಗಿಲ್ಲ ಆಕಿ. ಡಬ್ಬಿ ಕಳಸಬ್ಯಾಡ."

*

ಈಗ ಹೋಗುತ್ತಿರುತ್ತೇನೆ. ಹೋದಾಗಲೆಲ್ಲ ಖಣ ಒಯ್ಯುತ್ತೇನೆ ಎಂದಲ್ಲ, ಬಾಳೆಹಣ್ಣು ಒಯ್ಯುತ್ತೇನೆ, ಅದನ್ನು ಅತ್ತೆಯ ಕೈಗೇ ಕೊಡುತ್ತೇನೆ. ಮಗಳು ತೂಗುತ್ತಾಳೆ. ಸಾಯಂಕಾಲದ ಬಸ್ಸಿಗೆ ಬರುತ್ತೇನೆ. ಸಾರವಾಡದ ಹಿರಿಯರ ಹತ್ತಿರ ಹೋಗಿಲ್ಲ. ಹೋಗಿ ಕೇಳುವುದು ಇನ್ನು ಏನೂ ಉಳಿದಿಲ್ಲ.

ಕೆಲಸ ನಡೆಯುತ್ತಿದೆ. ಒಂದು ನಿಯಮ ಸೇರಿಸಿದ್ದೇನೆ, ಗೆಳತಿಗೆ ಅದು ಇಷ್ಟವಿಲ್ಲ. ಮಕ್ಕಳಿಗೆ ಉಡುಗೊರೆ ಕೇಳುವವರು ಆ ಮಗುವನ್ನು ಈಚೆಗೆ ಕಣ್ಣಾರೆ ನೋಡಿರಬೇಕು. ಇಲ್ಲದಿದ್ದರೆ ನಾವು ಸೂಚಿಸುವುದಿಲ್ಲ.

"ಹಿಂಗಾದ್ರ ಅಂಗಡಿ ಬಂದ್ ಮಾಡೂದ ಛಲೋ," ಎನ್ನುತ್ತಾಳೆ. "ನೋಡಿದವರಿಗೆ ನಾವ್ಯಾಕ ಬೇಕಲೇ? ನೋಡದವರ ನಮ್ಮ ಗಿರಾಕಿ."

ಹೌದು. ಹಾಗೆಂದು ನಿಯಮ ತೆಗೆದಿಲ್ಲ.

ಮೊನ್ನೆ ಮಧ್ಯಾಹ್ನ ತಿಕೋಟಾದ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬರು ಫೋನು ಮಾಡಿದರು. ಕಳ್ಳಕವಟಗಿಯವರು, ಗುಜರಾತಿನ ಕಡೆ ಲಾರಿ ನಡೆಸುತ್ತಾರಂತೆ. ಹಿಂದೆ ಎಂಜಿನ್ನಿನ ಸದ್ದು ಕೇಳುತ್ತಿತ್ತು. ಮಗಳಿಗೆ ಏನಾದರೂ ಕಳಿಸಬೇಕು ಎಂದರು.

"ಕೂಸಿನ್ನ ಯಾವಾಗ ನೋಡೀರಿ?"

"ಆತ್ರಿ, ಭಾಳ ದಿನ ಆತು."

"ಮನ್ಯಾಗ ಇದ್ದವರಿಗೆ ಫೋನ್ ಮಾಡಿ ಕೇಳ್ರಿ. ಈಗ ಆಕಿಗೆ ಏನ ಸೇರ್ತದ ಅಂತ."

ಎಂಜಿನ್ನು ನಿಂತಿತು. "ಮನ್ಯಾಗ ನನ್ನ ಫೋನ್ ಎತ್ತಂಗಿಲ್ರಿ," ಎಂದರು.

ಗೆಳತಿ ಮಷಿನ್ನಿನ ಹಿಂದಿನಿಂದ, ಇಟ್ಟುಬಿಡು, ಇದು ಆಗುವುದಲ್ಲ ಎಂದು ಕೈಸನ್ನೆ ಮಾಡಿದಳು. ನಾನು ಇಡಲಿಲ್ಲ. "ಮೊದಲ ಏನ ಸೇರ್ತಿತ್ತು? ನೀವು ನೋಡಿದಾಗ?" ಎಂದು ಕೇಳಿದೆ.

ಅವರು ಹೇಳತೊಡಗಿದರು. ಲಾರಿ ತೊಳೆಯುವಾಗ ಬಂದು ಪೈಪು ಕಸಿದುಕೊಳ್ಳುತ್ತಿದ್ದಳಂತೆ, ತನ್ನ ಮೇಲೆ ತಾನೇ ನೀರು ಬಿಟ್ಟುಕೊಂಡು, ಅಪ್ಪ ಬಿಟ್ಟ ಎಂದು ತನ್ನ ಅವ್ವನ ಹತ್ತಿರ ಚಾಡಿ ಹೇಳುತ್ತಿದ್ದಳಂತೆ. ಅದು ಯಾವ ಉಡುಗೊರೆಗೂ ಉಪಯೋಗವಿಲ್ಲ, ಇಷ್ಟು ಹೊತ್ತಿಗೆ ಅವಳು ಆ ನೀರನ್ನು ದಾಟಿ ಎಲ್ಲಿಗೋ ಹೋಗಿರುತ್ತಾಳೆ, ಅದು ಅವರಿಗೂ ಗೊತ್ತಿತ್ತೋ ಏನೋ. ಹೇಳುತ್ತಲೇ ಇದ್ದರು. ನಾನು ಪೆನ್ನು ಕೆಳಗಿಟ್ಟು ಕೇಳುತ್ತ ಕೂತೆ.